ಮೂಡ್ಲಕಟ್ಟೆಯಿಂದ ಮಿಡ್‌ಫೋರ್ಡ್ ಗಾರ್ಡನ್‌ಗೆ

ಶುಕ್ರವಾರ

ಕುಂದಾಪುರದಲ್ಲಿ ರೈಲು ಹತ್ತಬೇಕೆಂದರೆ ಪೇಟೆ ಬಿಟ್ಟು ಮೂಡ್ಲಕಟ್ಟೆಗೆ ಹೋಗಬೇಕು. ಪಂಚಗಂಗಾ ಎಕ್ಸ್‌ಪ್ರೆಸ್ ಬರುವ ಹೊತ್ತಿಗೆ ಮಳೆ ಬಿಟ್ಟಿತ್ತು. ಶುಕ್ರವಾರ ರಾತ್ರಿ ಬೆಂಗಳೂರಿನಿಂದ ಊರಿಗೆ ಬರುವವರೇ ಜಾಸ್ತಿ, ಹೋಗುವವರು ಕಮ್ಮಿ. ಹಾಗಾಗಿ ಕಿಟಕಿ ಪಕ್ಕದ ಸೀಟೇ ಸಿಕ್ಕಿತು.

ಗೆಳತಿ ಎರಡು ರಟ್ಟುಗಳ ನಡುವೆ ತನ್ನ ಚಿತ್ರ ಇಟ್ಟು, ಸುತ್ತ ಟೇಪು ಹಾಕಿ, ಅದನ್ನು ಪ್ಲಾಸ್ಟಿಕ್ ಕವರಿನೊಳಗೆ ಸೇರಿಸಿ ಮಡಿಲಲ್ಲಿ ಇಟ್ಟುಕೊಂಡಿದ್ದಳು. ಸ್ಪರ್ಧೆಗೆ ಕಳಿಸಿದ್ದು ಪ್ರಿಂಟು. ಮೂಲ ಚಿತ್ರ ಇದು. ಯಾರೂ ತರಲು ಹೇಳಿರಲಿಲ್ಲ. ಆದರೂ ತರುತ್ತೇನೆ ಎಂದಳು, ನಾನೂ ತಾ ಎಂದೆ.

ಅವಳು ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವವಳು. ಹೆಸರು ಹಾಕಬೇಡ ಎಂದಿದ್ದಾಳೆ, ಹಾಗಾಗಿ ಗೆಳತಿ ಎಂದೇ ಬರೆಯುತ್ತೇನೆ. ನಾನು ಕಥೆ ಬರೆಯುತ್ತೇನೆ, ಅವಳು ಅದಕ್ಕೆ ಆಮೆ, ಮೊಲ, ಅಜ್ಜಿ, ಹೊಳೆ ಎಲ್ಲ ಕೊಡುತ್ತಾಳೆ. ಬೆಂಗಳೂರಿನ ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆ ವ್ಯಂಗ್ಯಚಿತ್ರಕಾರ್ತಿ ಮಾಯಾ ಕಾಮತ್ ನೆನಪಿನಲ್ಲಿ ರಾಜಕೀಯ ವ್ಯಂಗ್ಯಚಿತ್ರ ಸ್ಪರ್ಧೆ ನಡೆಸುತ್ತದಲ್ಲ, ಅದಕ್ಕೆ ಅವಳು ಒಂದು ಚಿತ್ರ ಕಳಿಸಿದ್ದಳು. ಅದಕ್ಕೆ ಮೆಚ್ಚುಗೆ ಸಿಕ್ಕಿತು. ಅದರ ಪ್ರಮಾಣಪತ್ರ ತಗೊಳ್ಳೋಕೆ ಬೆಂಗಳೂರಿಗೆ ಹೊರಟಿದ್ದೆವು. ಸುದ್ದಿ ಬಂದ ದಿನ ನನಗೆ ಫೋನ್ ಮಾಡಿ, "ನಿನ್ನ ಒಂದಕ್ಷರವೂ ಇಲ್ಲದ ಚಿತ್ರ ಮಾರಾಯ್ತಿ" ಎಂದಳು. ಹೊಟ್ಟೆಕಿಚ್ಚಾಗಲಿಲ್ಲ. ಕಣ್ಣಲ್ಲಿ ನೀರು ಬಂತು.

ಚಿತ್ರ ಏನು ಎಂದು ಹೇಳಿಬಿಡುತ್ತೇನೆ. ತುಂಬಿ ಹರಿಯುವ ಹೊಳೆ. ಎರಡೂ ದಡದಲ್ಲಿ ದಪ್ಪನೆಯ ಕಬ್ಬಿಣದ ಕಂಬ. ಕಂಬಗಳ ಮೇಲೆ, ಹೊಳೆಗೆ ಅಡ್ಡವಾಗಿ, ದೊಡ್ಡ ಫ್ಲೆಕ್ಸು. ಅದರಲ್ಲಿ ಕೈಮುಗಿದು ನಗುವ ಮುಖಗಳು. ಯಾರದೆಂದು ಗುರುತು ಸಿಗದಂಥ ಮುಖಗಳು. ಫ್ಲೆಕ್ಸಿನ ಕೆಳಗೆ ಎರಡು ಅಡಿಕೆ ಮರದ ದಿಮ್ಮಿ. ಅದರ ಮೇಲೆ ಚೀಲ ಬೆನ್ನಿಗೆ ಹಾಕಿಕೊಂಡು, ಮುಚ್ಚಿದ ಕೊಡೆಯನ್ನು ಅಡ್ಡ ಹಿಡಿದು, ಮೈ ತೂಗಿಸಿಕೊಂಡು ದಾಟುವ ಒಬ್ಬಳು ಪುಟ್ಟ ಹುಡುಗಿ. ಅಷ್ಟೇ. ಕ್ಯಾಪ್ಷನ್ ಇಲ್ಲ.

ದಿಮ್ಮಿ ಹಾಕಿ ಹೊಳೆ ದಾಟುವ ಈ ಕಾಲುಸಂಕ ಏನೆಂದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಬೈಂದೂರು, ಕುಂದಾಪುರದ ಒಳಗಿನ ಹಳ್ಳಿಗಳಿಂದ ಹಿಡಿದು ಹೊಸನಗರ, ತೀರ್ಥಹಳ್ಳಿ, ಶೃಂಗೇರಿವರೆಗೆ ಮಳೆಗಾಲದಲ್ಲಿ ಮಕ್ಕಳು ಶಾಲೆಗೆ ಹೋಗುವುದು ಇದರ ಮೇಲೇ. 2022ರ ಆಗಸ್ಟಿನಲ್ಲಿ ಬೈಂದೂರು ತಾಲೂಕಿನ ಕಾಲ್ತೋಡು ಕಡೆ ಎರಡನೇ ಕ್ಲಾಸಿನ ಹುಡುಗಿಯೊಬ್ಬಳು ಶಾಲೆ ಬಿಟ್ಟು ಬರುವಾಗ ಸಂಕದಿಂದ ಜಾರಿ ಹೊಳೆಗೆ ಬಿದ್ದಳು. ಉಳಿಯಲಿಲ್ಲ. ಆ ಮಳೆಗಾಲದಲ್ಲಿ ಗೆಳತಿ ನನ್ನ ಒಂದು ಕಥೆಗೆ ಚಿತ್ರ ಬರೆಯುತ್ತಿದ್ದಳು. ಕಥೆಯಲ್ಲಿ ಆನೆಮರಿ ಹೊಳೆ ದಾಟುವ ಸಂದರ್ಭ ಇತ್ತು. ಬರೆಯೋಕೆ ಆಗ್ತಿಲ್ಲ ಎಂದು ತಿಂಗಳುಗಟ್ಟಲೆ ನಿಲ್ಲಿಸಿಬಿಟ್ಟಳು. ಕಾರ್ಟೂನು ಹುಟ್ಟಿದ್ದು ಅಲ್ಲಿಂದ.

ಸುಬ್ರಹ್ಮಣ್ಯ ರೋಡ್ ದಾಟಿದ ಮೇಲೆ ಘಾಟಿ ಶುರು. ಸಕಲೇಶಪುರದವರೆಗಿನ 55 ಕಿಲೋಮೀಟರಿನಲ್ಲಿ 57 ಸುರಂಗಗಳಿವೆ. ರಾತ್ರಿ ಏನೂ ಕಾಣುವುದಿಲ್ಲ, ಸದ್ದು ಮಾತ್ರ ಬದಲಾಗುತ್ತಾ ಇರುತ್ತದೆ. ಅವಳಿಗೆ ನಿದ್ದೆ ಬರಲಿಲ್ಲ. ಒಬ್ಬ ಪ್ರಕಾಶಕರು ಹೇಳಿದ ಮಾತು ಅವಳ ತಲೆಯಲ್ಲಿ ಕೊರೆಯುತ್ತಿತ್ತು. "ಮಕ್ಕಳ ಪುಸ್ತಕಕ್ಕೆ ಬರೆಯುವವರಿಗೆ ಈ ರಾಜಕೀಯ ಎಲ್ಲ ಯಾಕೆ? ನಾಳೆ ಶಾಲೆಗಳು ಪುಸ್ತಕ ತಗೊಳ್ಳದಿದ್ದರೆ?" ಮನೆಯಲ್ಲೂ ಅಮ್ಮ, "ನಿಂಗ್ ಎಂತಕ್ ಬೇಕಿತ್ ಇದೆಲ್ಲ?" ಎಂದಿದ್ದರಂತೆ. ಅಮ್ಮನದು ಹೆದರಿಕೆ, ಅದು ಅರ್ಥವಾಗುತ್ತದೆ. ಪ್ರಕಾಶಕರ ಮಾತು ನನಗೆ ಈಗಲೂ ಒಪ್ಪಿಗೆಯಿಲ್ಲ. ಸಂಕ ದಾಟುವುದು ಮಕ್ಕಳೇ ತಾನೇ? ಮಕ್ಕಳ ಚಿತ್ರ ಬರೆಯುವವಳಿಗಿಂತ ಚೆನ್ನಾಗಿ ಇದನ್ನು ಬೇರೆ ಯಾರು ಬರೆದಾರು?

ಶನಿವಾರ

ಬೆಳಿಗ್ಗೆ ಮೆಜೆಸ್ಟಿಕ್ಕಿನಲ್ಲಿ ಇಳಿದು, ಅವಳ ಚಿಕ್ಕಮ್ಮನ ಮನೆಯಲ್ಲಿ ಸ್ನಾನ ತಿಂಡಿ ಮುಗಿಸಿ, ಮೆಟ್ರೋ ಹತ್ತಿದೆವು. ಟ್ರಿನಿಟಿ ನಿಲ್ದಾಣದಲ್ಲಿ ಇಳಿದರೆ ಮಿಡ್‌ಫೋರ್ಡ್ ಗಾರ್ಡನ್‌ಗೆ ನಡೆದೇ ಹೋಗಬಹುದು. ಎಂ.ಜಿ. ರಸ್ತೆಯ ಗದ್ದಲ ಹಿಂದೆ ಉಳಿದು, ಒಳರಸ್ತೆಯಲ್ಲಿ ಮಿಡ್‌ಫೋರ್ಡ್ ಹೌಸ್ ಸಿಗುತ್ತದೆ. ಭಾರತೀಯ ಕಾರ್ಟೂನ್ ಗ್ಯಾಲರಿ ಇರುವುದು ಇಲ್ಲೇ. ವ್ಯಂಗ್ಯಚಿತ್ರಕಾರ ವಿ.ಜಿ. ನರೇಂದ್ರ ಮತ್ತು ಅವರ ಜೊತೆಗಾರರು 2001ರಲ್ಲಿ ಸಂಸ್ಥೆ ಕಟ್ಟಿದರು. ಗ್ಯಾಲರಿ 2007ರಲ್ಲಿ ಶುರುವಾಯಿತು. ಒಳಗೆ ಹೋಗೋಕೆ ದುಡ್ಡು ಕೊಡಬೇಕಿಲ್ಲ. ಎಂ.ಜಿ. ರಸ್ತೆಗೆ ಶಾಪಿಂಗಿಗೆ ಬರುವ ಎಷ್ಟೋ ಜನರಿಗೆ ಹತ್ತು ಹೆಜ್ಜೆ ಆಚೆ ಇಂಥದ್ದೊಂದು ಜಾಗ ಇದೆ ಎಂದು ಗೊತ್ತೇ ಇಲ್ಲ. ಗೊತ್ತಾಗಬೇಕು.

ಗೋಡೆ ತುಂಬ ಚಿತ್ರಗಳು. ಪೆಟ್ರೋಲ್ ಬೆಲೆ, ಚುನಾವಣೆ, ಕುರ್ಚಿ, ಕೆರೆ, ಯುದ್ಧ. ನಾವು ಮೊದಲು ಹುಡುಕಿದ್ದು ಅವಳದನ್ನೇ. ಇತ್ತು! ಕಪ್ಪು ಚೌಕಟ್ಟು, ಕೆಳಗೆ ಹೆಸರು, ಊರು. "ಕುಂದಾಪುರ" ಎಂದು ಓದಿದಾಗ ನನಗೆ ಹೆಮ್ಮೆಯಾಯಿತು. ಕಾರ್ಟೂನಿನ ಮಟ್ಟಿಗೆ ಅದು ಚಿಕ್ಕ ಊರಲ್ಲ. ಪಂಜು ಗಂಗೊಳ್ಳಿ ಅಲ್ಲಿಯ ಪಕ್ಕದವರು. ಸತೀಶ್ ಆಚಾರ್ಯ ಕುಂದಾಪುರದಲ್ಲೇ ಕೂತು ದೇಶಕ್ಕೆಲ್ಲ ಕಾರ್ಟೂನು ಬರೆಯುತ್ತಾರೆ. 2018ರಲ್ಲಿ ದೆಹಲಿಯ ಪತ್ರಿಕೆಯೊಂದು ಚೀನಾ ಕುರಿತ ಅವರ ಕಾರ್ಟೂನು ಹಾಕದೆ ಬಿಟ್ಟಾಗ ಸುಮ್ಮನಿರದೆ ಅದನ್ನು ಬಹಿರಂಗವಾಗಿ ಹೇಳಿದವರು. ಅವರ ಬಳಗ ಊರಿನಲ್ಲಿ ನಡೆಸುವ ಕಾರ್ಟೂನು ಹಬ್ಬದಲ್ಲೇ ಗೆಳತಿ ಮೊದಲ ಬಾರಿ ವ್ಯಂಗ್ಯಚಿತ್ರದ ಮೂಲಪ್ರತಿಗಳನ್ನು ಹತ್ತಿರದಿಂದ ನೋಡಿದ್ದು.

ಅವಳ ಚಿತ್ರವನ್ನು ಇಲ್ಲಿ, ಬೇರೆಯವರ ಚಿತ್ರಗಳ ಮಧ್ಯೆ ನೋಡಿದಾಗ ನನಗೆ ಒಂದು ವಿಷಯ ಹೊಳೆಯಿತು. ಮನೆಯಲ್ಲಿ ನೋಡಿದ ಮೊದಲ ಕರಡಿನಲ್ಲಿ ಎಷ್ಟೆಲ್ಲ ಇತ್ತು! ಅಡಿಕೆ ತೋಟ, ಸುರಿಯುವ ಮಳೆ, ದಡದಲ್ಲಿ ನಿಂತ ನಾಯಿ, ಬಂಡೆ ಮೇಲೆ ಏಡಿ. ಪುಸ್ತಕದ ಚಿತ್ರ ಬರೆಯುವವರ ಕೈ ಹಾಗೇ. ಪುಟ ತೆರೆದ ಮಗು ಹತ್ತು ನಿಮಿಷ ಅಲ್ಲೇ ಇರಬೇಕು, ಮೂಲೆಮೂಲೆಯಲ್ಲೂ ಏನೋ ಸಿಗಬೇಕು. ಕಾರ್ಟೂನಿಗೆ ಅಷ್ಟು ಹೊತ್ತು ಇರುವುದಿಲ್ಲ. ಪತ್ರಿಕೆ ಮಗುಚುವವರ ಕಣ್ಣು ನಿಲ್ಲುವುದು ಕೆಲವು ಕ್ಷಣ. ಅಷ್ಟರಲ್ಲಿ ತಾಗಬೇಕು. ಅವಳು ಒಂದೊಂದಾಗಿ ತೆಗೆಯುತ್ತಾ ಹೋದಳು. ಮೊದಲು ನಾಯಿ ಹೋಯಿತು, ಆಮೇಲೆ ತೋಟ, ಆಮೇಲೆ ಮಳೆ. ಮಳೆ ತೆಗೆಯುವಾಗ ತುಂಬ ಬೇಜಾರಾಯಿತಂತೆ. ಅವಳ ಮಳೆಗೆರೆಗಳು ಅಷ್ಟು ಚೆಂದ. ಕೊನೆಗೆ ಉಳಿದದ್ದು ಕಂಬ, ಫ್ಲೆಕ್ಸು, ದಿಮ್ಮಿ, ಹುಡುಗಿ. ಕಂಬಗಳನ್ನು ಬ್ರಷ್ಷಿನಲ್ಲಿ ದಪ್ಪ ಕಪ್ಪಾಗಿ ಬರೆದಿದ್ದಾಳೆ. ದಿಮ್ಮಿಗಳನ್ನು ಸಣ್ಣ ನಿಬ್ಬಿನಲ್ಲಿ, ಗೆರೆ ನಡುವೆ ಮುರಿದಿರುವ ಹಾಗೆ. ಕಬ್ಬಿಣ ಎಷ್ಟು ಗಟ್ಟಿ, ಸಂಕ ಎಷ್ಟು ಮೆತ್ತಗೆ ಎನ್ನುವುದು ಆ ಎರಡು ಥರದ ಗೆರೆಯಲ್ಲೇ ಗೊತ್ತಾಗುತ್ತದೆ.

ಸಮಾರಂಭ ಚಿಕ್ಕದು, ಆಪ್ತವಾದದ್ದು. ಹೆಸರು ಕರೆದರು, ಹೋದಳು, ಪ್ರಮಾಣಪತ್ರ ತಗೊಂಡಳು. ನಾನು ಜೋರಾಗಿ ಚಪ್ಪಾಳೆ ತಟ್ಟಿದೆ.

ಮಾಯಾ ಕಾಮತ್ ಬಗ್ಗೆ ಇಲ್ಲಿ ಬರೆಯಲೇಬೇಕು. 1951ರಲ್ಲಿ ಹುಟ್ಟಿ, 2001ರಲ್ಲಿ, ಐವತ್ತರ ವಯಸ್ಸಿನಲ್ಲೇ ತೀರಿಕೊಂಡರು. ಬೆಂಗಳೂರಿನಲ್ಲಿದ್ದು ಬರೆದವರು. 1980ರ ದಶಕದಲ್ಲಿ ಅವರು ಶುರು ಮಾಡಿದ್ದು ಸಂಸಾರದ ಸುತ್ತ ಸುತ್ತುವ ಒಂದು ಸ್ಟ್ರಿಪ್ಪಿನಿಂದ. ಗೀತಾ ಎಂಬ ಹೆಂಗಸು, ಅವಳ ಮನೆ, ಮಕ್ಕಳು. ಅಲ್ಲಿಂದ ನಡೆದು ಡೆಕ್ಕನ್ ಹೆರಾಲ್ಡ್, ಏಷ್ಯನ್ ಏಜ್‌ನಂಥ ಪತ್ರಿಕೆಗಳ ರಾಜಕೀಯ ಕಾರ್ಟೂನಿಗೆ ಬಂದರು. ಆ ಕಾಲದಲ್ಲಿ ಈ ಕೆಲಸದಲ್ಲಿದ್ದ ಹೆಂಗಸರನ್ನು ಹುಡುಕಬೇಕಿತ್ತು. ಈಗಲೂ ಹುಡುಕಬೇಕು. ಅವರ ಚಿತ್ರಗಳ ದೊಡ್ಡ ಸಂಗ್ರಹ ಮುಂಬೈಯ ಸ್ಪ್ಯಾರೋ ಎಂಬ ಮಹಿಳಾ ದಾಖಲೆ ಕೇಂದ್ರದಲ್ಲಿ ಕಾಪಾಡಿಟ್ಟಿದ್ದಾರೆ. ಮನೆಯ ಕಥೆಯಿಂದ ದೇಶದ ಕಥೆಗೆ ಬಂದವರ ಹೆಸರಿನ ಸ್ಪರ್ಧೆಯಲ್ಲಿ ಮಕ್ಕಳ ಕಥೆಯಿಂದ ಬಂದವಳಿಗೆ ಮೆಚ್ಚುಗೆ ಸಿಕ್ಕಿದ್ದು ನನಗೆ ತುಂಬ ಸರಿ ಅನ್ನಿಸಿತು.

ಕಾರ್ಯಕ್ರಮ ಮುಗಿದ ಮೇಲೆ ಜನ ಗೋಡೆಯ ಮುಂದೆ ನಿಂತು ಚಿತ್ರ ನೋಡುತ್ತಿದ್ದರು. ಅವಳ ಚಿತ್ರದ ಮುಂದೆ ಒಂದು ಗಂಡ ಹೆಂಡತಿ. "ಇದೇನು, ಮರ ಬಿದ್ದಿದೆಯಾ?" ಎಂದು ಹೆಂಡತಿ ಕೇಳಿದರು. ಗೆಳತಿ ಬಾಯಿ ತೆರೆಯುವ ಮೊದಲೇ ಹಿಂದೆ ನಿಂತಿದ್ದ ವಯಸ್ಸಾದವರೊಬ್ಬರು, "ಬಿದ್ದಿದ್ದಲ್ಲ, ಹಾಕಿದ್ದು. ನಾನು ಕೊಪ್ಪದವನು. ನಾನು ಶಾಲೆಗೆ ಹೋಗಿದ್ದೂ ಇದರ ಮೇಲೇ, ಈಗ ಅಣ್ಣನ ಮೊಮ್ಮಗಳು ಹೋಗೋದೂ ಇದರ ಮೇಲೇ" ಎಂದರು. ಆ ಹೆಂಡತಿ ಮತ್ತೆ ಚಿತ್ರದ ಕಡೆ ತಿರುಗಿದರು. ಈ ಸಲ ಅವರು ಮೊದಲು ನೋಡಿದ್ದು ಕಂಬಗಳನ್ನು. ಆಮೇಲೆ ದಿಮ್ಮಿಗಳನ್ನು. "ಅಯ್ಯೋ" ಎಂದರು, ಅಷ್ಟೇ. ಗೆಳತಿ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

ಸಂಜೆ ಚಿಕ್ಕಮ್ಮನ ಮನೆಯಲ್ಲಿ ಮಾತು ರಾಜಕೀಯ ಕಾರ್ಟೂನಿಗೆ ಎಷ್ಟು ಧೈರ್ಯ ಬೇಕು ಎನ್ನುವ ಕಡೆ ಹೋಯಿತು. 1975ರ ಡಿಸೆಂಬರಿನಲ್ಲಿ, ತುರ್ತು ಪರಿಸ್ಥಿತಿಯ ಮಧ್ಯೆ, ವ್ಯಂಗ್ಯಚಿತ್ರಕಾರ ಅಬು ಅಬ್ರಹಾಂ ಇಂಡಿಯನ್ ಎಕ್ಸ್‌ಪ್ರೆಸ್‌ನಲ್ಲಿ ಬರೆದ ಚಿತ್ರದ ಬಗ್ಗೆ ಅವಳು ಹೇಳಿದಳು. ರಾಷ್ಟ್ರಪತಿ ಸ್ನಾನದ ತೊಟ್ಟಿಯಲ್ಲಿ ಕೂತೇ ಸುಗ್ರೀವಾಜ್ಞೆಗೆ ಸಹಿ ಹಾಕಿ ಕೊಡುತ್ತಿರುವುದು. ಇನ್ನೂ ಇದ್ದರೆ ಸ್ವಲ್ಪ ಕಾಯಲು ಹೇಳಿ ಎನ್ನುತ್ತಾರೆ. "ನೋಡು, ಅದರಲ್ಲಿ ಯಾರನ್ನೂ ಬೈದಿಲ್ಲ" ಎಂದಳು. "ಸುಮ್ನೆ ತೋರಿಸಿದ್ದಾರೆ." ಅದೇ ವರ್ಷ ಆಗಸ್ಟಿನಲ್ಲಿ ವ್ಯಂಗ್ಯಚಿತ್ರಕಾರ ಶಂಕರ್ ತಮ್ಮ ಕಾರ್ಟೂನು ವಾರಪತ್ರಿಕೆ ಶಂಕರ್ಸ್ ವೀಕ್ಲಿಯನ್ನು ಮುಚ್ಚಿದ್ದರು. ಅಂಥ ದಿನಗಳಲ್ಲಿ ಒಂದು ಪತ್ರಿಕೆಯ ಮೂಲೆಯಲ್ಲಿ ಆ ತೊಟ್ಟಿ ಬಂತು.

ಭಾನುವಾರ

ಬೆಳಿಗ್ಗೆಯ ರೈಲಿಗೆ ಮೈಸೂರು. ಇಲ್ಲಿಗೆ ಬರಬೇಕು ಎಂದು ಹಟ ಹಿಡಿದವಳು ನಾನು. ಆರ್.ಕೆ. ಲಕ್ಷ್ಮಣ್ ಹುಟ್ಟಿ ಬೆಳೆದ ಊರಿಗೆ ಹೋಗದೆ ಈ ಪ್ರಯಾಣ ಮುಗಿಸುವುದು ಹೇಗೆ?

ಲಕ್ಷ್ಮಣ್ 1921ರಲ್ಲಿ ಇಲ್ಲಿ ಹುಟ್ಟಿದರು. ಅಪ್ಪ ಹೆಡ್‌ಮಾಸ್ಟರ್. ಮನೆಯ ಕೊನೆಯ ಮಗ. ಶಾಲೆಯಲ್ಲಿ ಎಲೆ ಬರೆಯಿರಿ ಎಂದಾಗ ಅವರು ಅರಳಿ ಎಲೆ ಬರೆದರು, ಮೇಷ್ಟರು ಹೊಗಳಿದರು. ತಾನು ಚಿತ್ರಕಾರ ಎಂದು ಆ ಹುಡುಗ ಅಂದುಕೊಂಡಿದ್ದು ಆಗಲೇ. ಮುಂದೆ ಮುಂಬೈಯ ಜೆ.ಜೆ. ಕಲಾಶಾಲೆಗೆ ಅರ್ಜಿ ಹಾಕಿದರೆ, ನಿಮ್ಮಲ್ಲಿ ಅಷ್ಟು ಪ್ರತಿಭೆ ಇಲ್ಲ ಎಂದು ವಾಪಸ್ ಕಳಿಸಿದರು. ಆಮೇಲೆ ಸೇರಿದ್ದು ಇಲ್ಲಿನ ಮಹಾರಾಜ ಕಾಲೇಜು. ಕಾಲೇಜಿನಲ್ಲಿ ಓದುತ್ತಲೇ ಅಣ್ಣ ಆರ್.ಕೆ. ನಾರಾಯಣರ ಕಥೆಗಳಿಗೆ ಹಿಂದೂ ಪತ್ರಿಕೆಯಲ್ಲಿ ಚಿತ್ರ ಬರೆದರು. ನಾನು ಗೆಳತಿಗೆ ಒತ್ತಿ ಹೇಳಿದ್ದು ಇದನ್ನೇ. ಲಕ್ಷ್ಮಣ್ ಕೂಡ ಮೊದಲು ಕಥೆಗೆ ಚಿತ್ರ ಬರೆದವರು! ಇನ್ನೊಬ್ಬರ ಮಾತಿಗೆ ಗೆರೆ ಕೊಟ್ಟ ಕೈಯೇ ಆಮೇಲೆ ತನ್ನ ಮಾತು ಆಡಿದ್ದು. 1951ರಲ್ಲಿ ಶುರುವಾದ ಪಾಕೆಟ್ ಕಾರ್ಟೂನಿನಲ್ಲಿ ಚೌಕಳಿ ಕೋಟಿನ ಶ್ರೀಸಾಮಾನ್ಯ ಒಂದು ಮಾತೂ ಆಡದೆ ದೇಶವನ್ನು ನೋಡುತ್ತಾ ನಿಂತಿದ್ದು.

ಕನ್ನಡದ ಋಣವೂ ಇದೆ. ಡಾಕ್ಟರ್ ಎಂ. ಶಿವರಾಂ, ನಮ್ಮ ರಾಶಿ, 1942ರಲ್ಲಿ ಶುರು ಮಾಡಿದ ಕೊರವಂಜಿ ಮಾಸಿಕದಲ್ಲಿ ಲಕ್ಷ್ಮಣ್ ಚಿತ್ರಗಳು ಬಂದವು. ರೋಗಿಗಳನ್ನು ನೋಡುತ್ತಾ ಒಬ್ಬ ವೈದ್ಯರು 1967ರವರೆಗೆ ಹಾಸ್ಯ ಪತ್ರಿಕೆ ನಡೆಸಿದ್ದನ್ನು ನೆನೆದರೆ ಈಗಲೂ ಕೈ ಮುಗಿಯಬೇಕು ಅನ್ನಿಸುತ್ತದೆ.

ಯಾದವಗಿರಿಯಲ್ಲಿ ನಾರಾಯಣರ ಮನೆ ಈಗ ಮ್ಯೂಸಿಯಂ. 2016ರಲ್ಲಿ ತೆರೆದರು. ಇದು ಲಕ್ಷ್ಮಣ್ ಬೆಳೆದ ಮನೆಯಲ್ಲ, ನಾರಾಯಣರು ಆಮೇಲೆ ಕಟ್ಟಿಸಿದ್ದು. ಬಿಳಿ ಮನೆ, ಮಹಡಿ ಮೇಲೆ ಅರ್ಧ ದುಂಡಗೆ ಕಿಟಕಿಗಳ ಸಾಲು. ಅಲ್ಲಿ ಕೂತು ಅವರು ಬರೆಯುತ್ತಿದ್ದರಂತೆ. ಅವರ ಕೋಟುಗಳು, ಕನ್ನಡಕ ಇಟ್ಟಿದ್ದಾರೆ. ಗೆಳತಿ ಕಿಟಕಿಯ ಹತ್ತಿರ ನಿಂತು ಹೊರಗೆ ನೋಡುತ್ತಾ ಇದ್ದಳು. ಪೋರ್ಟಿಕೋ ಮೇಲೆ ಒಂದು ಕಾಗೆ ಬಂದು ಕೂತಿತು. ಲಕ್ಷ್ಮಣರಿಗೆ ಕಾಗೆ ಎಂದರೆ ಪ್ರಾಣ, ಜೀವನಪೂರ್ತಿ ಕಾಗೆ ಬರೆದವರು. ತಕ್ಷಣ ಪುಸ್ತಕ ತೆಗೆದಳು. ಅದರ ಕುತ್ತಿಗೆಯ ಬೂದು ಬಣ್ಣಕ್ಕೆ ಪೆನ್ಸಿಲನ್ನು ಮಲಗಿಸಿ ಉಜ್ಜಿದಳು, ಕೊಕ್ಕಿಗೆ ಒಂದೇ ಒತ್ತು. ಕಾಗೆ ಹಾರಿಹೋಗುವ ಮೊದಲು ಮುಗಿದಿತ್ತು.

ಮಧ್ಯಾಹ್ನದ ಮೇಲೆ ಮಹಾರಾಜ ಕಾಲೇಜಿನ ಮುಂದೆ ಹೋಗಿ ನಿಂತೆವು, ಆಮೇಲೆ ದೇವರಾಜ ಮಾರ್ಕೆಟ್. ಭಾನುವಾರದ ರಶ್ಶು. ಹೂವಿನವರು, ಬಾಳೆಹಣ್ಣಿನವರು, ಕುಂಕುಮದ ಗುಡ್ಡೆ. ಅವಳು ಮುಖಗಳನ್ನು ಬರೆದಳು. ನಾನು ಎರಡು ಮೊಳ ಮೈಸೂರು ಮಲ್ಲಿಗೆ ತಗೊಂಡೆ. ರಾತ್ರಿ ಲಾಡ್ಜಿನಲ್ಲಿ ಮಂಚದ ಮೇಲೆ ಕೂತು ಪುಟ ತಿರುಗಿಸುತ್ತಾ ಅವಳೇ ಹೇಳಿದಳು: "ಇನ್ನು ಮೇಲೆ ಎರಡೂ ಮಾಡ್ತೇನೆ. ನಿನ್ನ ಆನೆಮರಿಯನ್ನೂ ಬಿಡೋದಿಲ್ಲ, ಇದನ್ನೂ ಬಿಡೋದಿಲ್ಲ."

ಸೋಮವಾರ

ಬಸ್ಸು ಹುಣಸೂರು, ಮಡಿಕೇರಿ ದಾರಿಯಲ್ಲಿ ಇಳಿಯುತ್ತಾ ಬಂತು. ಊರಿಗೊಂದು ಸ್ವಾಗತ ಕಮಾನು, ಕಮಾನಿಗೊಂದು ಫ್ಲೆಕ್ಸು. ಮೊದಲೂ ಇದ್ದವು, ಆದರೆ ಈಗ ನನ್ನ ಕಣ್ಣು ಮುಖಗಳ ಬದಲು ಕಂಬಗಳ ಕಡೆ ಹೋಗುತ್ತದೆ. ಎಷ್ಟು ಚೆನ್ನಾಗಿ ಕಾಂಕ್ರೀಟು ಹಾಕಿ ನಿಲ್ಲಿಸಿರುತ್ತಾರೆ!

ಸಂಪಾಜೆ ಇಳಿದು ಸುಳ್ಯ ಹತ್ತಿರ ಬರುವಾಗ ಅರಂಬೂರು ಸಿಗುತ್ತದೆ. ಗೆಳತಿಯನ್ನು ಎಬ್ಬಿಸಿದೆ. 1989ರಲ್ಲಿ ಇಲ್ಲಿ ಪಯಸ್ವಿನಿ ಹೊಳೆಗೆ ಊರವರಿಗಾಗಿ ತೂಗುಸೇತುವೆ ಕಟ್ಟಿಕೊಟ್ಟವರು ಸುಳ್ಯದ ಇಂಜಿನಿಯರ್ ಗಿರೀಶ್ ಭಾರದ್ವಾಜ್. ಅದು ಅವರ ಮೊದಲ ಸೇತುವೆ. ಆಮೇಲೆ ನೂರಕ್ಕೂ ಹೆಚ್ಚು ಕಟ್ಟಿದರು. 2017ರಲ್ಲಿ ಪದ್ಮಶ್ರೀ ಬಂತು. ಉಕ್ಕಿನ ಹಗ್ಗ, ಹಲಗೆ, ಊರವರ ದುಡಿಮೆ ಸೇರಿದರೆ ಕಮ್ಮಿ ಖರ್ಚಿನಲ್ಲಿ ಹೊಳೆ ದಾಟಿಸಬಹುದು ಎಂದು ತೋರಿಸಿದವರು ಅವರು. ಅಂದರೆ ದಾರಿ ಗೊತ್ತಿಲ್ಲ ಎಂದು ಯಾರೂ ಹೇಳುವ ಹಾಗಿಲ್ಲ. ನಮ್ಮದೇ ಜಿಲ್ಲೆಯ ಪಕ್ಕದಲ್ಲಿ, ಕಣ್ಣೆದುರೇ ಇದೆ. ಮಕ್ಕಳು ಇನ್ನೂ ಅಡಿಕೆ ದಿಮ್ಮಿಯ ಮೇಲೆ ನಡೆಯುತ್ತಿದ್ದಾರೆ ಎಂದರೆ ಅದು ಆಗದ ಕೆಲಸವಲ್ಲ, ಮಾಡದ ಕೆಲಸ. ಕಾಲುಸಂಕದ ಚಿತ್ರ ರಾಜಕೀಯ ಕಾರ್ಟೂನು ಆಗುವುದು ಅದಕ್ಕೇ.

ಮಂಗಳೂರಿನಲ್ಲಿ ಬಸ್ಸು ಬದಲಿಸಿ ಕುಂದಾಪುರ ಸೇರುವಾಗ ಕತ್ತಲಾಗಿತ್ತು. ಅವಳ ಅಮ್ಮ ಪ್ರಮಾಣಪತ್ರವನ್ನು ದೀಪದ ಹತ್ತಿರ ಹಿಡಿದು ನೋಡಿದರು. ಆಮೇಲೆ, "ಊಟ ಮಾಡಿ ಮೊದ್ಲ್" ಎಂದರು.

ಮಂಗಳವಾರ

ಬೈಂದೂರು ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ಗೆಳತಿ ಆಗಾಗ ಚಿತ್ರ ಹೇಳಿಕೊಡುತ್ತಾಳೆ. ಹೊಳೆಯಾಚೆಯಿಂದ ಬರುವ ಮಕ್ಕಳು ಅಲ್ಲಿ ಇದ್ದಾರೆ. ರಟ್ಟು ಬಿಚ್ಚಿ, ಮೂಲ ಚಿತ್ರವನ್ನು ಬೆಂಚಿನ ಮೇಲೆ ಇಟ್ಟಳು. ನಾಲ್ಕು ಐದನೇ ಕ್ಲಾಸಿನವರು ಮುತ್ತಿಕೊಂಡರು.

ಫ್ಲೆಕ್ಸಿನ ಬಗ್ಗೆ ಯಾರೂ ಮಾತಾಡಲಿಲ್ಲ. ಎಲ್ಲರ ಕಣ್ಣು ಸಂಕದ ಮೇಲೆ. "ನಮ್ಮ ಸಂಕಕ್ಕೆ ಹಿಡ್ಕೊಳ್ಳೋಕೆ ಹಗ್ಗ ಇದೆ, ಟೀಚರ್" ಎಂದ ಒಬ್ಬ. "ಕೊಡೆ ಹೀಗೆ ಹಿಡಿದ್ರೆ ಗಾಳಿಗೆ ಜಾರ್ತದೆ" ಎಂದ ಇನ್ನೊಬ್ಬ. ಎರಡು ಜಡೆಯ ಹುಡುಗಿಯೊಬ್ಬಳು ತುಂಬ ಹೊತ್ತು ಚಿತ್ರ ನೋಡಿ, "ಇವಳ ಅಮ್ಮ ಎಲ್ಲಿ?" ಎಂದು ಕೇಳಿದಳು.

ಗೆಳತಿ ಅವಳ ಪಕ್ಕ ಕೂತಳು. "ನಿನ್ನ ಅಮ್ಮ ಬರ್ತಾರಾ?"

"ಮಳೆ ಇದ್ರೆ ಎಲ್ಲರ ಅಮ್ಮನೂ ಬರ್ತಾರೆ. ಬೆಳಿಗ್ಗೆ ದಾಟಿಸ್ತಾರೆ. ಸಂಜೆ ಆಚೆ ದಡದಲ್ಲಿ ಕಾಯ್ತಾರೆ. ಕೆಲಸಕ್ಕೆ ಹೋಗೋದಿಲ್ಲ ಆವತ್ತು."

ಗೆಳತಿ ಚೀಲದಿಂದ ಪುಸ್ತಕ ತೆಗೆದು, ಮೈಸೂರಿನ ಮಾರ್ಕೆಟಿನ ಮುಖಗಳ ಆಚೆ ಖಾಲಿ ಪುಟ ಹುಡುಕಿದಳು. ಎಷ್ಟು ಜನ ಅಮ್ಮಂದಿರು ಬರ್ತಾರೆ, ಎಲ್ಲಿ ನಿಲ್ತಾರೆ, ಕೈಯಲ್ಲಿ ಕತ್ತಿ ಇರ್ತದಾ, ಹೊಟ್ಟೆಪಾಡಿನ ದಿನಗೂಲಿ ಎಷ್ಟು ಹೋಗ್ತದೆ ಎಂದು ಒಂದೊಂದೇ ಕೇಳಿ ಬರೆದುಕೊಂಡಳು. ಮಕ್ಕಳು ಜಗಳವಾಡುತ್ತಾ ಉತ್ತರ ಹೇಳಿದರು. ಎಡಗಡೆ ಹಲಸಿನ ಮರ ಇದೆ ಎಂದು ಒಬ್ಬ, ಅದು ಬಲಗಡೆ ಎಂದು ಇನ್ನೊಬ್ಬ. ಮಧ್ಯಾಹ್ನದ ಊಟದ ಗಂಟೆ ಹೊಡೆಯುವಷ್ಟರಲ್ಲಿ ಆಚೆ ದಡದಲ್ಲಿ ಸಾಲಾಗಿ ನಿಂತ ಹೆಂಗಸರ ಕರಡು ಆಗಿತ್ತು. ಈ ಸಲ ಇದನ್ನು ಸ್ಪರ್ಧೆಗೆ ಮೊದಲು ಪತ್ರಿಕೆಗೆ ಕಳಿಸುತ್ತಾಳಂತೆ. ಪಂಚಾಯಿತಿಗೂ ಒಂದು ಪ್ರತಿ ಕೊಡಬೇಕು ಎಂದು ಹೆಡ್‌ಮೇಷ್ಟ್ರು ಹೇಳಿದರು, ಜೊತೆಗೆ ತಾನೇ ಬರುತ್ತೇನೆ ಎಂದರು.